ಹತ್ತಿ ಉಜ್ಜುವ ರೀತಿ

ಭಾನುವಾರ ಕ್ರೈಸ್ತನಾಗಿರುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಇಸ್ತ್ರಿ ಮಾಡಿದ ಅಂಗಿ ಇರುತ್ತದೆ. ಪಕ್ಕದಲ್ಲಿ ಕೂತವರೂ ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿರುತ್ತಾರೆ. ಎಲ್ಲರೂ ಏಳುವಾಗ ಏಳಬೇಕು, ಎಲ್ಲರೂ ಮಂಡಿಯೂರುವಾಗ ಊರಬೇಕು, ಒಬ್ಬರಿಗೊಬ್ಬರು ಸಮಾಧಾನ ಕೋರುವ ಹೊತ್ತಿಗೆ ಎಡಕ್ಕೂ ಬಲಕ್ಕೂ ತಿರುಗಿ ಕೈ ಮುಗಿಯಬೇಕು. ಎಡಬಲದಲ್ಲಿ ಇರುವವರ ಮೇಲೆ ನನಗೇನೂ ಸಿಟ್ಟಿಲ್ಲವಾದ್ದರಿಂದ ಅದೂ ಸಲೀಸಾಗಿ ಮುಗಿಯುತ್ತದೆ. ತೊಂದರೆ ಶುರುವಾಗುವುದು ಸೋಮವಾರ ಬೆಳಿಗ್ಗೆ, ಆಸ್ಪತ್ರೆಯ ಕಬ್ಬಿಣದ ಗೇಟು ತಳ್ಳಿ ಒಳಗೆ ಕಾಲಿಟ್ಟಾಗ. ಅಲ್ಲಿ, ಟೋಕನ್ ಕೊಡುವ ಮೇಜಿನ ಹಿಂದೆ, ನಾಗಮಲ್ಲಪ್ಪ ಕೂತಿರುತ್ತಾನೆ.

ಹೋದ ತಿಂಗಳು ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಹಾಲಿನಲ್ಲಿ ಒಂದು ಶಿಬಿರ ಇಟ್ಟಿದ್ದರು. ಮಾಡುವ ಕೆಲಸದಲ್ಲಿ ವಿಶ್ವಾಸವನ್ನು ಬಾಳುವುದು ಹೇಗೆ ಎಂಬುದು ವಿಷಯ. ಮಾತಾಡಲು ಪಟ್ಟಣದಿಂದ ಬಂದವರು ಟೈ ಕಟ್ಟಿದ್ದರು. ಗೋಡೆಗೆ ಬಿಳಿ ಬಟ್ಟೆ ಇಳಿಬಿಟ್ಟು ಅದರ ಮೇಲೆ ಚಿತ್ರ ತೋರಿಸಿದರು. ದೊಡ್ಡ ಆಫೀಸು, ಗಾಜಿನ ಗೋಡೆ, ಯಾವುದೋ ಕಾಗದ ನೋಡಿಕೊಂಡು ಕಾರಣವಿಲ್ಲದೆ ನಗುತ್ತಿರುವ ಜನ. ಕೇಳುತ್ತ ಕೂತಿದ್ದವರು ನಾವು: ಕೋಸು ಲೋಡು ಮಾಡುವ ನಾಲ್ಕಾರು ಮಂದಿ, ಬೇಕರಿಯಲ್ಲಿ ಬನ್ನು ಬೇಯಿಸುವವರು, ಇಬ್ಬರು ಟೀಚರಮ್ಮಂದಿರು, ಮತ್ತೆ ಆಸ್ಪತ್ರೆಯಲ್ಲಿ ಔಷಧಿ ಕೊಡುವ ನಾನು. "ನಿಮ್ಮ ನಿಮ್ಮ ಕ್ಯಾಬಿನ್ನಿನಲ್ಲಿ ನೀವು ಯೇಸು ಹೇಳಿದ ಉಪ್ಪಿನ ಹಾಗೆ ಇರಬೇಕು" ಎಂದರು. ನನಗಿರುವುದು ಕ್ಯಾಬಿನ್ ಅಲ್ಲ, ಕೈ ತೂರಿಸುವಷ್ಟು ಒಂದು ಕಿಂಡಿ. ಅದರಲ್ಲೂ ಉಪ್ಪಂತೆ! ಉಪ್ಪು ಬಿಡಿ, ಉಪ್ಪು ಬಿಡಿ ಎಂದು ಡಾಕ್ಟರ ಹತ್ತಿರ ಬೈಸಿಕೊಂಡು ಬಂದವರಿಗೆ ದಿನವಿಡೀ ಬಿ.ಪಿ. ಮಾತ್ರೆ ಎಣಿಸಿ ಕೊಡುವವನು ನಾನು.

ಕೊನೆಗೆ ಅವರು ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಲೋಡಿಂಗಿನ ಚಿನ್ನಪ್ಪ ಎದ್ದು ನಿಂತು, "ಊಟ ಎಷ್ಟೊತ್ಗೆ ಸಾರ್?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಬಳಿ ನಿಜವಾಗಿಯೂ ಒಂದು ಪ್ರಶ್ನೆ ಇತ್ತು. ಒಬ್ಬ ಮನುಷ್ಯನನ್ನು ಕ್ಷಮಿಸಬೇಕು, ಆದರೆ ಆಗುತ್ತಿಲ್ಲ. ಅವನು ದೂರದವನಾಗಿದ್ದರೆ ಕ್ಷಮಿಸಿಲ್ಲ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಅವನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನನ್ನ ಕಿಂಡಿಯ ಎದುರಿಗೇ ಕೂತಿರುತ್ತಾನೆ, ಏನು ಮಾಡಲಿ? ಇದನ್ನು ಟೈ ಕಟ್ಟಿದವರ ಹತ್ತಿರ ಕೇಳುವುದು ಹೇಗೆ? ಊಟಕ್ಕೆ ಎದ್ದೆ.

ನನ್ನ ಹೆಂಡತಿ ಲೂರ್ದಮ್ಮ ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಹೋದ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ತೀರಿಕೊಂಡಳು. ಈ ಎರಡು ವಾಕ್ಯಗಳ ನಡುವೆ ಇರುವುದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ನಾನು ಹೆಚ್ಚು ಓದಿದವನಲ್ಲ. ಮಾತ್ರೆಯ ಪೊಟ್ಟಣದ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದು ರೂಢಿ. ಅಷ್ಟೇ ನೇರವಾಗಿ ಬರೆಯಲು ನೋಡುತ್ತೇನೆ.

ಸೂಜಿ ಚುಚ್ಚುವ ಮುಂಚೆ ನರ್ಸುಗಳು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ರೋಗಿಯ ತೋಳು ಉಜ್ಜುವುದನ್ನು ನೀವು ನೋಡಿರುತ್ತೀರಿ. ಸಾಮಾನ್ಯವಾಗಿ ದುಂಡಗೆ ಉಜ್ಜುತ್ತಾರೆ. ನಡುವಿನಿಂದ ಹೊರಕ್ಕೆ ಸುತ್ತುತ್ತ ಹೋಗಬೇಕೆಂದು ಕಲಿಸುತ್ತಾರಂತೆ. ಲೂರ್ದು ಹಾಗೆ ದುಂಡಗೆ ಉಜ್ಜಿ ಮುಗಿಸಿದ ಮೇಲೆ, ಅದೇ ಹತ್ತಿಯಿಂದ, ಮೇಲಿನಿಂದ ಕೆಳಕ್ಕೆ ಒಂದು ಸಲ, ಎಡದಿಂದ ಬಲಕ್ಕೆ ಒಂದು ಸಲ ಸವರುತ್ತಿದ್ದಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಸೂಜಿ. ಸ್ಪಿರಿಟ್ಟು ಆರುವುದರೊಳಗೆ ಅವಳ ಶಿಲುಬೆಯೂ ಆರಿ ಹೋಗುತ್ತಿತ್ತು. ಜಗತ್ತಿನಲ್ಲಿ ಇಷ್ಟು ಕಡಿಮೆ ಹೊತ್ತು ಬಾಳುವ ಶಿಲುಬೆಯನ್ನು ಬೇರೆ ಯಾರೂ ಮಾಡಿರಲಾರರು.

ಅದನ್ನು ಹೆಚ್ಚಿನವರು ಗಮನಿಸಲೇ ಇಲ್ಲ. ಸೂಜಿ ಹಾಕಿಸಿಕೊಳ್ಳುವವರು ಕಣ್ಣು ಮುಚ್ಚಿರುತ್ತಾರೆ, ಇಲ್ಲವೇ ಗೋಡೆ ನೋಡುತ್ತಿರುತ್ತಾರೆ. ಗಮನಿಸಿದವರು ಮುದುಕಿಯರು. ಅವರಲ್ಲಿ ಮೊದಲನೆಯವಳು ಪಣಕಹಳ್ಳಿಯ ಮಾದಮ್ಮ, ನಾಗಮಲ್ಲಪ್ಪನ ತಾಯಿ. ಕೈಕಾಲು ಜೋಮು ಹಿಡಿಯುವುದಕ್ಕೆ ಡಾಕ್ಟರು ಅವಳಿಗೆ ವಾರ ವಾರ ಸೂಜಿ ಬರೆದಿದ್ದರು. ಮಗನ ಗಾಡಿಯ ಹಿಂದೆ ಒಂದು ಪಕ್ಕಕ್ಕೆ ಕೂತು, ಸೆರಗನ್ನು ತಲೆಯ ಮೇಲೆ ಹೊದ್ದು, ಕೊರಳಲ್ಲಿ ಲಿಂಗ, ಹಣೆಯಲ್ಲಿ ಅಂಗೈ ಅಗಲದ ವಿಭೂತಿ ಧರಿಸಿ ಬರುತ್ತಿದ್ದಳು.

"ಇದೇನವ್ವ ಸಿಸ್ಟ್ರೂ, ಉದ್ದಕ್ಕೊಂದು ಅಡ್ಡಕ್ಕೊಂದು ಎಳುದ್ಬುಟ್ಟೆ?" ಎಂದು ಅವಳು ಕೇಳಿದ ದಿನ ನಾನು ಔಷಧಿಯ ಡಬ್ಬ ಇಳಿಸಲು ಆ ರೂಮಿನಲ್ಲೇ ಇದ್ದೆ. ಲೂರ್ದು ಸಿಕ್ಕಿಬಿದ್ದವಳ ಹಾಗೆ ನಕ್ಕಳು.

"ಏನಿಲ್ಲ ಕಣವ್ವ, ನಂದೊಂದು ಅಭ್ಯಾಸ."

"ನಿಮ್ ಇಬೂತಿ ಅನ್ನು. ನಾವು ಅಡ್ಡಕ್ಕೆ ಮೂರು ಎಳಿತೀವಿ, ನಿಮ್ದು ಎರಡ್ಕೇ ಮುಗ್ದೋಯ್ತದ. ಚುಚ್ಚು ಚುಚ್ಚು, ನೋವಾಗ್ದೇ ಇದ್ರೆ ಸೈ."

ನೋವಾಗಲಿಲ್ಲವೆಂದು ಕಾಣುತ್ತದೆ. ಮುಂದಿನ ವಾರದಿಂದ ಮಾದಮ್ಮ ಲೂರ್ದು ಇದ್ದಾಳೆಯೇ ಎಂದು ಕೇಳಿಕೊಂಡೇ ಟೋಕನ್ ತೆಗೆದುಕೊಳ್ಳುತ್ತಿದ್ದಳು. ಅವಳಿಂದ ಕೇಳಿ ಇನ್ನಷ್ಟು ಮುದುಕಿಯರು ಬಂದರು. ಎರಡು ಗೆರೆ ಎಳೆಯುವುದನ್ನು ಮರೆತರೆ, "ಒಸಿ ನೆಟ್ಟಗೆ ಉಜ್ಜವ್ವ" ಎಂದು ಅವರೇ ನೆನಪಿಸುತ್ತಿದ್ದರು. ಸೂಜಿಯ ನೋವು ಕಡಿಮೆಯಾಗುತ್ತಿದ್ದುದು ಶಿಲುಬೆಯಿಂದಲ್ಲ, ಅವಳ ಕೈಯ ಹದದಿಂದ. ಅವಳ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ತುಂಬಿದ ಎಣ್ಣೆಯ ಬಟ್ಟಲನ್ನು ಒಂದು ಹನಿ ಚೆಲ್ಲದೆ ಬೀದಿಯ ಆ ತುದಿಗೆ ಒಯ್ಯುವಂಥ ಕೈ ಅದು. ಇದನ್ನು ಹೇಳಿದರೆ ಮುದುಕಿಯರು ಒಪ್ಪುತ್ತಿರಲಿಲ್ಲ. ಲೂರ್ದುವೂ ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು.

ಆ ಹೊತ್ತಿನಲ್ಲಿ ಏನು ಹೇಳಿಕೊಳ್ಳುತ್ತೀಯ ಎಂದು ಒಮ್ಮೆ ಕೇಳಿದ್ದೆ. ದೊಡ್ಡ ಪ್ರಾರ್ಥನೆ ಇರಬಹುದು ಎಂದುಕೊಂಡಿದ್ದೆ. "ಏನ್ ಹೇಳ್ಲಿ? ಮುಂದೆ ಕೂತಿರೋರ ಹೆಸರು ಹೇಳ್ತೀನಿ. ಇವ್ರು ಮಾದಮ್ಮ, ನೋಡ್ಕೋ ಸ್ವಾಮಿ ಅಂತ. ಅಷ್ಟೆ. ಆಚೆ ಕ್ಯೂ ಇರ್ತದಲ್ಲ" ಎಂದಳು.

ನನ್ನ ಭಕ್ತಿಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಿಂಡಿಯ ಒಳಗೆ ನಾನೂ ಯೇಸುವಿನ ಒಂದು ಚಿಕ್ಕ ಪಟ ಇಟ್ಟಿದ್ದೇನೆ. ಅದು ಕೆಮ್ಮಿನ ಔಷಧಿಯ ಬಾಟಲಿಗಳ ಹಿಂದೆ ಇದೆ. ಮಳೆಗಾಲದಲ್ಲಿ ಊರಿಗೆಲ್ಲ ಕೆಮ್ಮು ಬಂದು ಬಾಟಲಿಗಳು ಖಾಲಿಯಾದಾಗ ನನ್ನ ವಿಶ್ವಾಸ ಹೊರಗಿನವರಿಗೆ ಕಾಣುತ್ತದೆ. ಸ್ಟಾಕು ಬಂದ ಕೂಡಲೇ ಮರೆಯಾಗುತ್ತದೆ. ನನ್ನ ಮೇಲೆ ಯಾರೂ ಯಾವತ್ತೂ ದೂರು ಕೊಡದೇ ಇರುವುದಕ್ಕೆ ಕೆಮ್ಮಿನ ಔಷಧಿಯೇ ಕಾರಣ.

ಲೂರ್ದುವಿಗೆ ಮುಚ್ಚಿಡುವುದೂ ಗೊತ್ತಿರಲಿಲ್ಲ, ತೋರಿಸುವುದೂ ಗೊತ್ತಿರಲಿಲ್ಲ. ಆಯುಧಪೂಜೆಯ ದಿನ ಆಸ್ಪತ್ರೆಯಲ್ಲಿ ಬಿ.ಪಿ. ನೋಡುವ ಯಂತ್ರಕ್ಕೂ ಸೂಜಿ ಕುದಿಸುವ ಪಾತ್ರೆಗೂ ಕುಂಕುಮ ಇಟ್ಟು ಹೂವು ಮುಡಿಸುತ್ತಾರೆ. ಅವಳು ಪುರಿ ಕಡ್ಲೆ ಸೆರಗಿನಲ್ಲಿ ಹಾಕಿಸಿಕೊಂಡು ತಿಂದು, ಮಾರನೆಯ ದಿನ ಯಾರಿಗಿಂತಲೂ ಮೊದಲು ಬಂದು ಆ ಕುಂಕುಮವನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿಡುತ್ತಿದ್ದಳು. ಪುರಿ ತಿಂದದ್ದಕ್ಕೆ ನಮ್ಮ ಚರ್ಚಿನ ಹೆಂಗಸರಲ್ಲಿ ಒಬ್ಬರು ಮುಖ ತಿರುಗಿಸಿದರು. ಕುಂಕುಮ ಒರೆಸಿದ್ದಕ್ಕೆ ಆಸ್ಪತ್ರೆಯಲ್ಲಿ ಯಾರೂ ಮುಖ ತಿರುಗಿಸಲಿಲ್ಲ, ಯಾಕೆಂದರೆ ಒರೆಸುವುದು ಇನ್ನೊಬ್ಬರಿಗೆ ತಪ್ಪಿತಲ್ಲ.

ದೀಪಾವಳಿಯಾದ ಮೇಲೆ ಗುಮಟಾಪುರದಲ್ಲಿ ಬೀರೇಶ್ವರನ ಹೆಸರಿನಲ್ಲಿ ಸಗಣಿ ಎರಚಾಡುವ ಹಬ್ಬ. ಮಾರನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡ ಹುಡುಗರು ನಾಚಿಕೆಯಿಂದ ಬಂದು ಸಾಲಾಗಿ ನಿಲ್ಲುತ್ತಿದ್ದರು. ಒಬ್ಬೊಬ್ಬರದೇ ಕಣ್ಣು ತೊಳೆಯುತ್ತ ಅವಳು, "ಬೀರೇಶ್ವರ ಕಣ್ಗೂ ಆಕ್ಕೋ ಅಂದಿದ್ನೇನ್ಲಾ? ಮುಚ್ಕೊಂಡಿರಕ್ಕೇನಾಗಿತ್ತು?" ಎನ್ನುತ್ತಿದ್ದಳು.

"ಮುಚ್ಕೊಂಡ್ರೆ ಗುರಿ ತಪ್ಪೋಯ್ತದ ಕಣ್ ಸಿಸ್ಟ್ರೇ."

"ಈಗ ಗುರಿ ನಿನ್ ಕಣ್ಗೇ ಬಿದ್ದದಲ್ಲ. ಅಲ್ಲಾಡ್ಬೇಡ."

ಆಮೇಲೆ ಅವರ ರೆಪ್ಪೆ ಒರೆಸುವಾಗ ಮೇಲಿಂದ ಕೆಳಕ್ಕೆ ಒಂದು, ಎಡದಿಂದ ಬಲಕ್ಕೆ ಒಂದು. ಯಾರಿಗೂ ಏನೂ ಆಗಲಿಲ್ಲ. ಹಬ್ಬಕ್ಕೆ ಹೋಗುವುದನ್ನು ಯಾರೂ ಬಿಡಲಿಲ್ಲ.

ಇಷ್ಟಕ್ಕೂ, ಅವಳ ಆ ಎರಡು ಗೆರೆಯ ವಿಷಯದಲ್ಲಿ ಮೊದಲು ತಕರಾರು ತೆಗೆದದ್ದು ನಮ್ಮವರೇ. ಊರಿಗೆ ಬಂದಿದ್ದ ಒಬ್ಬ ಉಪದೇಶಕರು, ಹಾಗೆ ಕದ್ದು ಮುಚ್ಚಿ ಮಾಡುವುದು ಹೇಡಿತನ, ಬಾಯಿಬಿಟ್ಟು ಹೆಸರು ಹೇಳಿ ಮಾಡಬೇಕು ಎಂದರು. ಲೂರ್ದು, "ಬಾಯ್ಬುಟ್ಟು ಹೇಳ್ತಾ ಕೂತ್ರೆ ಸ್ಪಿರಿಟ್ಟು ಆರೋಯ್ತದ ಸ್ವಾಮಿ" ಎಂದಳು. ಅವರಿಗೆ ನಗು ಬರಲಿಲ್ಲ.

ಎರಡನೆಯ ತಕರಾರು ಹೊರಗಿನಿಂದ ಬಂತು. ತಂದೆಯನ್ನು ಕರೆತಂದಿದ್ದ ಒಬ್ಬಾತ, ನಮ್ಮ ಕಡೆಯವನಲ್ಲ, ಅವಳ ಕೈಯನ್ನೇ ನೋಡುತ್ತ ನಿಂತಿದ್ದನಂತೆ. ನೇರವಾಗಿ ಡಾಕ್ಟರ ರೂಮಿಗೆ ಹೋದ. ಇಲ್ಲಿ ರೋಗಿಗಳನ್ನು ಮತಕ್ಕೆ ಸೇರಿಸುತ್ತಿದ್ದಾರೆ, ಮೇಲಿನವರಿಗೆ ಬರೆಯುತ್ತೇನೆ ಎಂದ. ಡಾಕ್ಟರು ನಮ್ಮ ಬೆಟ್ಟದ ಕೆಳಗಿನ ಸತ್ಯಮಂಗಲದ ಕಡೆಯ ತಮಿಳಿನವರು. ಮಾತು ಮೆತ್ತಗೆ, ಎದೆ ಇನ್ನೂ ಮೆತ್ತಗೆ. ಆ ಮನುಷ್ಯನನ್ನು ಕೂರಿಸಿ, ಸಾಕ್ಷಿಗೆಂದು ನಾಗಮಲ್ಲಪ್ಪನನ್ನು ಕರೆದರು. "ಈ ಸಿಸ್ಟರ್ ಹಾಗೆ ಮಾಡುವುದನ್ನು ನೀನು ನೋಡಿದ್ದೀಯಾ?" ಎಂದು ಕೇಳಿದರು. ಅವನು, "ಊಂ ಸಾರ್, ನೋಡಿವ್ನಿ. ಎಲ್ಲಾರ್ಗೂ ಮಾಡ್ತರ" ಎಂದ.

ನನ್ನನ್ನು ಕರೆಯಲಿಲ್ಲ. ಗಂಡನ ಸಾಕ್ಷಿ ನಡೆಯುವುದಿಲ್ಲವೆಂದೇನೋ.

ಲೂರ್ದುವನ್ನು ಸೂಜಿಯ ರೂಮಿನಿಂದ ತೆಗೆದು ಹಿಂದುಗಡೆ ಬಟ್ಟೆ ಕುದಿಸುವ ಕೋಣೆಗೆ ಹಾಕಿದರು. ಸಂಬಳ ಅದೇ, ಸಮವಸ್ತ್ರವೂ ಅದೇ. ಮನುಷ್ಯರನ್ನು ಮುಟ್ಟುವ ಹಾಗಿಲ್ಲ ಅಷ್ಟೆ. ಡಾಕ್ಟರು ಕೈ ಹಿಸುಕಿಕೊಳ್ಳುತ್ತ, "ಸ್ವಲ್ಪ ದಿವಸ ಮ್ಮಾ, ಎಲ್ಲ ತಣ್ಣಗಾಗಲಿ" ಎಂದರಂತೆ. ಎಲ್ಲ ತಣ್ಣಗಾಯಿತು. ದೂರು ಕೊಟ್ಟವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವಳನ್ನು ವಾಪಸು ಕರೆಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಸಂಜೆ ಮನೆಗೆ ಬಂದಾಗ ಅವಳ ಕೈ ಬೆಂದ ಹಾಗೆ ಬಿಳಿಚಿಕೊಂಡಿರುತ್ತಿತ್ತು. "ಬಟ್ಟೆಗಳೂ ಒಳ್ಳೇವೇ ಬುಡಿ, ಎದುರು ಮಾತಾಡಲ್ಲ" ಎನ್ನುತ್ತಿದ್ದಳು. ಅವಳು ನಕ್ಕಳೆಂದು ನಾನೂ ನಗುತ್ತಿದ್ದೆ. ಇಬ್ಬರಲ್ಲಿ ಒಬ್ಬರಿಗೂ ನಗು ಬಂದಿರಲಿಲ್ಲ.

ಆಮೇಲೆ ಹೊಟ್ಟೆಯ ಕಾಯಿಲೆ ಬಂತು. ಕಾಯಿಲೆಗೂ ಬಟ್ಟೆಯ ಕೋಣೆಗೂ ಸಂಬಂಧವಿಲ್ಲವೆಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆಯೊಳಗಿನ ಗಂಟು ಬಹಳ ಹಿಂದೆಯೇ ಶುರುವಾಗಿತ್ತಂತೆ. ಅದು ನನಗೆ ಅರ್ಥವಾಗಿದೆ. ನನ್ನ ಸಿಟ್ಟಿಗೆ ಅರ್ಥವಾಗಿಲ್ಲ. ಸಿಟ್ಟು ನನ್ನಷ್ಟೂ ಓದಿಲ್ಲ.

ಮಲಗಿದ್ದಾಗ ಅವಳಿಗೆ ಸೂಜಿ ಹಾಕಲು ಬಂದ ನರ್ಸುಗಳೆಲ್ಲ ದುಂಡಗೆ ಉಜ್ಜಿದರು. ಅವಳು ಆ ಕೈಗಳನ್ನೇ ಗಮನಿಸುತ್ತ ಮಲಗಿರುತ್ತಿದ್ದಳು. ಒಂದು ದಿನ ನಾನು ನಾಗಮಲ್ಲಪ್ಪನ ಹೆಸರೆತ್ತಿ ಹಲ್ಲು ಕಡಿದೆ. ಅವಳು ಕಣ್ಣು ಬಿಟ್ಟು, "ಅಂವ ಕೇಳಿದ್ದಕ್ಕೆ ಇದ್ದದ್ ಹೇಳ್ದ. ಸುಳ್ಳು ಹೇಳ್ಬೇಕಿತ್ತಾ? ನಂಗೋಸ್ಕರ ಅವ್ನ್ ಯಾಕ್ ಬಾಯಿ ಕೆಡಿಸ್ಕಬೇಕು?" ಎಂದಳು. ಅಲ್ಲಿಗೆ ಅವಳ ಮಟ್ಟಿಗೆ ಅದು ಮುಗಿಯಿತು. ನನ್ನ ಮಟ್ಟಿಗೆ ಮುಗಿಯಲಿಲ್ಲ. ಹೆಂಡತಿ ಬಿಟ್ಟು ಹೋದ ಓಲೆ, ಮೂಗುತಿ ಮಗಳಿಗೆ ಹೋಗುತ್ತವೆ. ಅವಳು ಕೊಟ್ಟ ಕ್ಷಮೆ ಹಾಗೆ ಯಾರಿಗೂ ಹೋಗುವುದಿಲ್ಲ, ಅವಳ ಜೊತೆಗೇ ಮಣ್ಣಾಗುತ್ತದೆ. ನನ್ನದನ್ನು ನಾನೇ ಹೊಸದಾಗಿ ಸಂಪಾದಿಸಬೇಕು.

ಮಣ್ಣಿನ ದಿನ ನಾಗಮಲ್ಲಪ್ಪ ಎಲ್ಲರಿಗಿಂತ ಮೊದಲು ಬಂದ. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಗೋಳೋ ಎಂದು ಅತ್ತ. ಅಳುವುದರಲ್ಲಿ ಅವನು ನನ್ನನ್ನು ಎಷ್ಟು ಮೀರಿಸಿದನೆಂದರೆ, ಗೊತ್ತಿಲ್ಲದ ಒಬ್ಬ ಮುದುಕ ಅವನ ಭುಜ ಹಿಡಿದು, "ಎಂಡ್ತಿಯೇನಪ್ಪ?" ಎಂದು ಕೇಳಿದ. ಗುಂಡಿಯ ಈಚೆ ಕಡೆ ನಿಂತಿದ್ದ ನನಗೆ ಅದು ಕೇಳಿಸಿತು.

ಅಂದಿನಿಂದ ಅವನ ಜೊತೆ ನನ್ನ ಮಾತು ಕೆಲಸಕ್ಕೆ ಬೇಕಾದಷ್ಟೇ. ಅವನು ಬೆಳಿಗ್ಗೆ ಎದ್ದು ನಿಂತು "ಬಂದ್ರಾ ಅಣ್ಣ" ಎನ್ನುತ್ತಾನೆ. ನಾನು ಬೀಗ ತೆಗೆಯುತ್ತೇನೆ. ಮೊದಲೆಲ್ಲ ಇಬ್ಬರೂ ಒಂದೇ ಡಬ್ಬಿಯ ಉಪ್ಪಿನಕಾಯಿ ಹಂಚಿಕೊಂಡು ಊಟ ಮಾಡುತ್ತಿದ್ದೆವು. ಈಗ ನಾನು ಕಿಂಡಿಯ ಒಳಗೆ ಗೋಡೆಯ ಕಡೆ ತಿರುಗಿ ತಿನ್ನುತ್ತೇನೆ. ಇದನ್ನು ಮಾಡಲು ಎಷ್ಟು ಶ್ರಮ ಬೇಕೆಂದು ಅನುಭವಿಸಿದವರಿಗೇ ಗೊತ್ತು. ಒಬ್ಬನನ್ನು ನೋಡದೇ ಇರಲು ಅವನು ಎಲ್ಲೆಲ್ಲಿ ಇದ್ದಾನೆಂದು ದಿನವಿಡೀ ನೋಡುತ್ತಿರಬೇಕು. ದೇವರನ್ನು ನಾನು ಇಷ್ಟು ಎಡೆಬಿಡದೆ ನೆನೆದದ್ದಿಲ್ಲ.

ಹೀಗಿರುವಾಗ, ಹೋದ ವಾರ, ಕಿಂಡಿಯಲ್ಲಿ ಅವನ ಮುಖ ಕಾಣಿಸಿತು. ಚೀಟಿ ಇರಲಿಲ್ಲ.

"ಅಣ್ಣಾ, ಒಸಿ ಒಳೀಕ್ ಬರ್ತಿರಾ? ನಮ್ಮವ್ವ ಬಂದದ. ರಾಗಿ ಕುಯ್ಯಕ್ ಓಗಿ ಕುಡ್ಲು ತಗಲಿಸ್ಕಂಡದ ಕೈಗೆ. ಸೂಜಿ ಆಕ್ಸಕ್ಕೆ ಒಪ್ತಿಲ್ಲ."

"ನಾನೇನ್ ಮಾಡ್ಲಿ? ನಾನು ನರ್ಸಾ?"

"ಆ ಹೊಸ ಹುಡ್ಗಿ ದುಂಡುಂಡ್ಗೆ ಉಜ್ತದ, ಅದ್ರ ಕೈಲಿ ಆಕುಸ್ಕಳಲ್ಲ ಅಂತ ಅಟ ಇಡ್ದು ಕೂತದ. ನೀವು…" ಅವನು ಕಿಂಡಿಯ ಕಟ್ಟೆಯನ್ನು ಉಗುರಿನಿಂದ ಕೆರೆಯತೊಡಗಿದ. "ಅಕ್ಕ ಉಜ್ಜಿದಂಗೆ ನೀವು ಉಜ್ಜಿಕೊಟ್ರೆ ಸಾಕಂತೆ."

ಎಷ್ಟೋ ತಿಂಗಳಿಂದ ನಾನು ಮನಸ್ಸಿನಲ್ಲಿ ಮಸೆದಿಟ್ಟಿದ್ದ ಮಾತುಗಳೆಲ್ಲ ಒಟ್ಟಿಗೇ ಬಾಯಿಗೆ ಬಂದವು. ಹೊರಗೆ ಬಂದದ್ದು ಒಂದೇ. "ಆಗ್ಲಿ ಬತ್ತೀನಿ. ನಾಳೆ ಡಾಕ್ಟ್ರು ಕರ್ದು ಕೇಳುದ್ರೆ ನೋಡಿವ್ನಿ ಅಂತ ಹೇಳು."

ಅವನು ಕೆರೆಯುವುದನ್ನು ನಿಲ್ಲಿಸಿದ. ತಲೆ ಎತ್ತಲಿಲ್ಲ. "ಹೇಳ್ತೀನಿ ಬನ್ನಿ ಅಣ್ಣ" ಎಂದ. ನನಗೆ ಖುಷಿಯಾಗಬೇಕಿತ್ತು. ಮಸೆದ ಕತ್ತಿ ತರಕಾರಿಗೂ ತಾಗದೆ ಜಾರಿದ ಹಾಗಾಯಿತು.

ಮಾದಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಎಡಗೈಗೆ ಬಟ್ಟೆ ಸುತ್ತಿತ್ತು. ಹೊಸ ನರ್ಸು, ಪಾಪ, ಈಗಷ್ಟೇ ಓದು ಮುಗಿಸಿ ಬಂದ ತಮಿಳು ಹುಡುಗಿ, ಸಿರಿಂಜು ಹಿಡಿದು ಅಳುವ ಹಾಗೆ ನಿಂತಿದ್ದಳು. ನನ್ನನ್ನು ಕಂಡು ಮುದುಕಿ, "ಬಾಪ್ಪ ಅಂತೋಣಿ. ಈ ಕೂಸ್ಗೆ ಉಜ್ಜೋದೇ ಬರಲ್ಲ ಕಣ. ಪಾತ್ರೆ ಬೆಳಗ್ದಂಗೆ ಬೆಳಗ್ತದ" ಎಂದಳು.

ಹತ್ತಿ ತೆಗೆದುಕೊಂಡೆ. ಮೂವತ್ತು ವರ್ಷ ಅದರ ಪಕ್ಕದಲ್ಲೇ ಬದುಕಿದ್ದರೂ ನಾನು ಅದನ್ನು ಒಮ್ಮೆಯೂ ಮಾಡಿರಲಿಲ್ಲ. ಮೇಲಿನಿಂದ ಕೆಳಕ್ಕೆ ಎಳೆದೆ. ಎಡದಿಂದ ಬಲಕ್ಕೆ ಎಳೆದೆ. ಇವರು ಮಾದಮ್ಮ, ನೋಡ್ಕೋ ಸ್ವಾಮಿ ಎಂದು ಹೇಳಿಕೊಳ್ಳಲು ನೋಡಿದೆ. ಮಾದಮ್ಮನ ಹೆಸರಿನ ಹಿಂದೆಯೇ ಅವಳ ಮಗನ ಹೆಸರು ಬಂದು ನಿಂತುಕೊಂಡಿತು, ಪ್ರಾರ್ಥನೆ ಮುಂದಕ್ಕೆ ಹೋಗಲಿಲ್ಲ. ಹುಡುಗಿ ಚುಚ್ಚಿದಳು.

"ಅಯ್ಯಯ್ಯಪ್ಪ" ಎಂದು ಮುದುಕಿ ತೋಳು ಹಿಡಿದುಕೊಂಡಳು. "ನಿಂಗೂ ಬರಲ್ಲ ಬುಡು. ಆ ತಾಯಿ ಕೈಯೇ ಕೈ." ಸ್ವಲ್ಪ ಹೊತ್ತು ತೋಳು ನೀವಿಕೊಂಡು, ಏನೋ ನೆನಪಾದವಳಂತೆ ಮುಖ ಎತ್ತಿದಳು. "ಅಲ್ಲ ಕಣ ಅಂತೋಣಿ, ಅಂಥೋಳ್ನ ಈ ರೂಮಿಂದ ಯಾಕಪ್ಪ ತೆಗ್ದಿದ್ದು? ಬಟ್ಟೆ ಒಗಿಯಕ್ ಆಕಿದ್ರಂತಲ್ಲ. ಇವ್ನ್ ಕೇಳುದ್ರೆ ಗೊತ್ತಿಲ್ಲ ಅಂತನೆ. ದಿನಾ ಇಲ್ಲೇ ಕೂತಿರ್ತನೆ, ಇವ್ನ್ಗೆ ಗೊತ್ತಿಲ್ವಂತೆ."

ಅವನು ಬಾಗಿಲಿನ ಹತ್ತಿರ ನಿಂತಿದ್ದ. ತಾಯಿಗೆ ಹೇಳಿರಲಿಲ್ಲ. ಡಾಕ್ಟರ ಮುಂದೆ ನಿಜ ಹೇಳಿದವನು ತಾಯಿಯ ಮುಂದೆ ನಿಜ ಹೇಳಿರಲಿಲ್ಲ. ಈಗ ಅವನು ನನ್ನ ಬಾಯಿಯನ್ನು ನೋಡುತ್ತಿದ್ದ.

ನಾನು ಕಾದಿದ್ದ ಗಳಿಗೆ ಅದೇ ಇರಬೇಕು. ಒಂದೇ ಮಾತು ಸಾಕಿತ್ತು. ಅದು ನಿಜವೂ ಆಗಿತ್ತು, ದೇವರು ಕೂಡ ತಪ್ಪು ಹಿಡಿಯುವ ಹಾಗಿರಲಿಲ್ಲ. ನಿನ್ನ ಮಗನನ್ನೇ ಕೇಳವ್ವ ಎಂದಿದ್ದರೂ ಸಾಕಿತ್ತು. ಮಾದಮ್ಮ ಅವನ ಮನೆಯಲ್ಲಿ ಮತ್ತೆ ಒಂದು ತುತ್ತು ನೆಮ್ಮದಿಯಾಗಿ ತಿನ್ನುತ್ತಿರಲಿಲ್ಲ, ಅವನೂ ತಿನ್ನುತ್ತಿರಲಿಲ್ಲ.

"ಅವ್ಳ್ ಕೈ ನಡುಗ್ತಿತ್ತು ಕಣವ್ವ" ಎಂದೆ. "ಕಾಯ್ಲೆ ಒಳ್ಗೇ ಇತ್ತಲ್ಲ. ಅದ್ಕೇ ತೆಗುದ್ರು."

"ನಡುಗ್ತಿತ್ತಾ?" ಮುದುಕಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವ್ನೆ. ನಂಗ್ ಗೊತ್ತೇ ಆಗ್ನಿಲ್ವಲ್ಲಪ್ಪ. ಅಂಥ ಕೈಲೂ ಅಷ್ಟು ಚಂದಾಗಿ ಚುಚ್ತಿತ್ತಾ ಆ ತಾಯಿ."

ಹೊರಗೆ ಬಂದಾಗ ನಾಗಮಲ್ಲಪ್ಪ ಹಿಂದೆಯೇ ಬಂದು, "ಅಣ್ಣಾ" ಎಂದ.

"ಟೋಕನ್ ಕೂಗು ಓಗು, ಜನ ಕಾಯ್ತವ್ರೆ" ಎಂದೆ.

ಯಾಕೆ ಹಾಗೆ ಹೇಳಿದೆನೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಕರುಣೆ ಎನ್ನಲು ನಾಲಗೆ ಏಳುವುದಿಲ್ಲ. ಅವನ ಮುಖ ನೋಡಿದಾಗ ಎದೆಯೊಳಗೆ ಏನೂ ಕರಗಲಿಲ್ಲ. ಅದೇ ಕಲ್ಲು ಅಲ್ಲೇ ಇತ್ತು, ಈಗಲೂ ಇದೆ. ಆ ಮುದುಕಿಯ ಹಣೆಯ ವಿಭೂತಿ ಬೆವರಿನಲ್ಲಿ ಅರ್ಧ ಅಳಿಸಿತ್ತು. ಅವಳು ನನ್ನ ಹೆಂಡತಿಯನ್ನು ನೆನೆಯುತ್ತ ಕೂತಿದ್ದಳು, ನನ್ನನ್ನು ಬಿಟ್ಟರೆ ಆ ಆಸ್ಪತ್ರೆಯಲ್ಲಿ ಅವಳೊಬ್ಬಳೇ. ಅವಳ ಆ ನೆನಪಿನೊಳಗೆ ಅವಳ ಮಗನನ್ನು ತಂದು ನಿಲ್ಲಿಸಲು ಮನಸ್ಸಾಗಲಿಲ್ಲವೋ ಏನೋ. ಇಲ್ಲವೇ ನಾನು ಹೇಡಿ, ಅಷ್ಟೇ ಇರಬಹುದು. ಕೆಮ್ಮಿನ ಔಷಧಿಯ ಹಿಂದೆ ದೇವರನ್ನು ಇಟ್ಟವನು ಇನ್ನೇನಾಗಿರುತ್ತಾನೆ!

ಆದರೆ ಮಾತು ನಿಲ್ಲುವುದಿಲ್ಲ, ಬಸ್ಸು ಹತ್ತುತ್ತದೆ. ಈ ವಾರ ಪಣಕಹಳ್ಳಿಯಿಂದ ಬಂದ ಒಬ್ಬಾಕೆ ಮಾತ್ರೆ ತೆಗೆದುಕೊಳ್ಳುತ್ತ ಕಿಂಡಿಯೊಳಗೆ ಬಗ್ಗಿ, "ಪಾಪ, ನಿಮ್ಮನೆಯೋರ್ಗೆ ಕೊನೆಕೊನೆಗೆ ಕೈ ನಡುಗ್ತಿತ್ತಂತೆ, ಅದ್ರಲ್ಲೇ ಸೂಜಿ ಆಕ್ತಿದ್ರಂತೆ. ದೇವ್ರೇ ಕಾಪಾಡ್ದ ನಮ್ಮನ್ನ" ಎಂದಳು. ಮುದುಕಿ ಹೇಳಿದ್ದು ಒಂದು, ಊರು ಕೇಳಿಸಿಕೊಂಡದ್ದು ಇನ್ನೊಂದು. ಎಣ್ಣೆಯ ಬಟ್ಟಲು ಅಲುಗದಂತೆ ಹಿಡಿದ ಆ ಕೈ ಇನ್ನು ಈ ಬೆಟ್ಟದ ಮೇಲೆ ನಡುಗುವ ಕೈ. ಲೂರ್ದುವಿನ ಬಳಿ ಇದ್ದ ಒಂದೇ ಆಸ್ತಿ ಅದು. ದೂರು ಕೊಟ್ಟವನಿಗೂ ಅದನ್ನು ಕಿತ್ತುಕೊಳ್ಳಲು ಆಗಿರಲಿಲ್ಲ, ಅವಳ ಗಂಡನೇ ಎತ್ತಿ ಕೊಟ್ಟುಬಿಟ್ಟ. ಅದೂ ಯಾರಿಗಾಗಿ?

ಆಕೆ ಹೇಳಿದ್ದು ಟೋಕನ್ ಮೇಜಿಗೂ ಕೇಳಿಸಿತು. ನಾಗಮಲ್ಲಪ್ಪ ಕತ್ತೆತ್ತಿ ನೋಡಿದ. ಇಲ್ಲ ಕಣಕ್ಕ, ಆ ಕೈ ನಡುಗುತ್ತಿರಲಿಲ್ಲ ಎಂದು ಹೇಳಲು ಅವನಿಗಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ಅವನು ಕೇಳಿದ್ದಕ್ಕೆ ಇದ್ದದ್ದನ್ನು ಹೇಳುವವನು. ಈ ಸಲ ಅವನನ್ನು ಯಾರೂ ಕೇಳಲಿಲ್ಲ. ಅವನು ಮುಂದಿನ ನಂಬರು ಕೂಗಿದ.

ಪಟ್ಟಣದಿಂದ ಬಂದವರು ಇದಕ್ಕೆಲ್ಲ ಒಂದು ಚಿತ್ರ ತೋರಿಸುತ್ತಿದ್ದರೇನೋ. ಕೈ ಕುಲುಕುತ್ತಿರುವ ಇಬ್ಬರು, ಹಿಂದೆ ಗಾಜಿನ ಗೋಡೆ. ನಮ್ಮಲ್ಲಿ ಹಾಗೆ ಏನೂ ಆಗಲಿಲ್ಲ. ಅವನು ಇಂದು ಬೆಳಿಗ್ಗೆಯೂ ಎದ್ದು ನಿಂತು "ಬಂದ್ರಾ ಅಣ್ಣ" ಎಂದ. ನಾನು "ಊಂ" ಎಂದೆ. ತಿಂಗಳುಗಳ ಮೇಲೆ ಹೊರಟ ಆ "ಊಂ" ಕೂಡ ನನ್ನ ಅಪ್ಪಣೆ ಕೇಳಿ ಹೊರಟದ್ದಲ್ಲ.

ಈ ಶನಿವಾರ ಪಾಪನಿವೇದನೆಗೆ ಹೋಗಬೇಕು. ಸತ್ತವಳ ಮೇಲೆ ಒಂದು ಸುಳ್ಳು ಹೇಳಿದೆ ಎನ್ನುವುದು ಕಷ್ಟವಲ್ಲ, ಅಷ್ಟನ್ನು ಹೇಳಿಬಿಡುತ್ತೇನೆ. ಯಾಕೆ ಹೇಳಿದೆಯಪ್ಪ ಎಂದು ಫಾದರ್ ಕೇಳದೇ ಇದ್ದರೆ ಸಾಕು. ಒಬ್ಬನನ್ನು ಕ್ಷಮಿಸುವುದಕ್ಕೆ ಎಂದುಬಿಟ್ಟರೆ ಅವರು ಸಂತೋಷಪಟ್ಟು ಆಶೀರ್ವದಿಸಿ ಕಳಿಸುತ್ತಾರೆ, ಮತ್ತು ಅದು ಎರಡನೆಯ ಸುಳ್ಳಾಗುತ್ತದೆ.